ಬಿಳಿ ಕೋಣೆಯಲ್ಲಿ ನೀಲಿ ಎಳೆ

ಒದ್ದೆ ನೆಲದ ಮೇಲೆ ರೆಪ್ಪೆಗೂದಲಿನಷ್ಟೇ ಇರುವ ಅದು ನೂಲೇ, ನೂಲಲ್ಲದೆ ಇನ್ನೇನು, ಅದೂ ನೀಲಿ — ಮಕ್ಕಳ ಸಿರಪ್ ತಯಾರಾಗುವ ಈ ಕೋಣೆಗೆ ನೀಲಿ ಎಲ್ಲಿಂದ ಬಂತು, ಇಲ್ಲಿ ಒರೆಸುವುದು ಬಿಳಿ ಮಾಪ್, ನೀಲಿ ಮಾಪ್ ಅಂಗಳದಾಚೆಯ ಪೆನಿಸಿಲಿನ್ ಕಟ್ಟಡದ್ದು, ಅದು ಅಲ್ಲೇ ದುಡಿಯಬೇಕು, ಅಲ್ಲೇ ಮೀಯಬೇಕು, ಅಲ್ಲೇ ಸಾಯಬೇಕು, ಇಲ್ಲವಾದರೆ ಅದರ ಬೆನ್ನಿಗೆ ಪೆನಿಸಿಲಿನ್ ಪುಡಿಯೂ ಬರುತ್ತದೆ ಎಂದು ಹೇಳಿ ಹೇಳಿಯೇ ಶುಚಿತ್ವದ ಮೇಲ್ವಿಚಾರಕಿಯಾದ ಅವಳಿಗೆ ಬಾಯಿಬಡುಕಿ ಎಂಬ ಹೆಸರು ಬಿದ್ದಿದೆ, ಬೀಳಲಿ, ಹೆಸರಿಗೇನು. ಬಗ್ಗಿ ಎತ್ತಿಕೊಂಡಳು. ಏನೇ, ಬೆಳಿಗ್ಗೆ ಈ ಮಾಪ್ ಎಲ್ಲಿ ಒಗೆದೆ? ಬಕೆಟ್ ಹಿಡಿದು ನಿಂತ ವಾರಗಿತ್ತಿಯ ಕಣ್ಣುಗಳು ಮುಖಗವಸಿನ ಮೇಲೆ ನಗುತ್ತಿವೆ, ನಮ್ ಮಷೀನಲ್ಲೇ ಅಕ್ಕ, ಆ ಕಡೆಯವರದು ಕೆಟ್ಟೋಗಿತ್ತು, ಪಾಪ ಕೇಳ್ಕೊಂಡ್ರು, ಅವರದ್ದೂ ಜೊತೆಗೇ ಹಾಕ್ಬಿಟ್ಟೆ, ಒಗೆದ ಮೇಲೆ ಎಲ್ಲಾ ಒಂದೇ ತಾನೇ. ಒಂದೇ ತಾನೇ — ಮನೆಯಲ್ಲಿ ಹಾಗೆಯೇ ಅಲ್ಲವೇ, ಅತ್ತೆಯ ಚಾದರ, ಮೈದುನನ ಅಂಗಿ, ಮಗಳ ಫ್ರಾಕು, ಎಲ್ಲ ಒಟ್ಟಿಗೆ ಗಿರಗಿರ ತಿರುಗಿ ಒಬ್ಬರ ಬಣ್ಣ ಇನ್ನೊಬ್ಬರಿಗೆ ಹತ್ತಿ, ಅದಕ್ಕೂ ಜಗಳವಾಡಿ ಆಮೇಲೆ ನಕ್ಕಿದ್ದೂ ಇದೆ.

ಗಾಜಿನಾಚೆಯಿಂದ ಆಪರೇಟರ್ ಹೆಬ್ಬೆರಳೆತ್ತಿ ಕೇಳುತ್ತಾನೆ, ಶುರು ಮಾಡ್ಲಾ ಮೇಡಂ, ಸಿರಪ್ಪಿನ ದೊಡ್ಡ ಹಂಡೆ ಬಾಯಿ ತೆರೆದು ಕಾದಿದೆ, ತಾನು ತಲೆ ಆಡಿಸಿದರೆ ಸಾಕು. ಆಡಿಸಿಬಿಡಲೇ, ನೂಲು ಮುಷ್ಟಿಯಲ್ಲಿದೆ, ಬೇರೆ ಯಾರೂ ನೋಡಿಲ್ಲ, ವಾರಗಿತ್ತಿಗೆ ಈ ವಾರ ಕೆಲಸ ಕಾಯಂ ಆಗಬೇಕು, ಮೈದುನ ಬೆನ್ನು ಮುರಿದುಕೊಂಡು ಮಲಗಿದ ಮೇಲೆ ಅವರ ಸಂಸಾರ ನಿಂತಿರುವುದೇ ಈ ಕೆಲಸದ ಮೇಲೆ, ಮ್ಯಾನೇಜರರ ಕೈಕಾಲು ಹಿಡಿದು ಸೇರಿಸಿದವಳು ತಾನೇ, ನಿಮ್ಮ ಮುಖ ನೋಡಿ ತಗೋತಿದ್ದೀನಿ, ಒಂದು ತಪ್ಪಾದ್ರೂ ಮನೆಗೆ ಕಳಿಸ್ತೀನಿ ಎಂದಿದ್ದರು ಅವರು. ಒಂದೆಳೆ ತಾನೇ, ಒಗೆದದ್ದೇ ತಾನೇ — ಆದರೆ ಪುಡಿ ಕಣ್ಣಿಗೆ ಕಾಣುತ್ತದೆಯೇ, ಮಗಳಿಗೂ ಅಂದು ಕೊಟ್ಟದ್ದು ಅರ್ಧ ಮಾತ್ರೆ, ಪೆನಿಸಿಲಿನ್ ಅವಳ ಮೈಗೆ ಆಗದು ಎಂದು ಯಾರಿಗೆ ಗೊತ್ತಿತ್ತು, ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಅಮ್ಮಾ ಎನ್ನಲು ಉಸಿರಿಲ್ಲ, ಕೈಕಾಲು ಆಡದೆ ತಾನು ಗೋಡೆಗೊರಗಿ ನಿಂತಿದ್ದಾಗ ಮಗುವನ್ನು ಬಾಚಿಕೊಂಡು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದವಳು ಯಾರು, ಈ ವಾರಗಿತ್ತಿಯೇ, ಈ ಬಕೆಟ್ ಹಿಡಿದು ನಿಂತವಳೇ, ದೇವರೇ, ಅವಳ ಅನ್ನವನ್ನೇ — ಮೇಡಂ, ಶುರು ಮಾಡ್ಲಾ? ಬೇಡ, ಎಂದಿತು ಬಾಯಿ, ಮನಸ್ಸಿಗಿಂತ ಮೊದಲೇ, ನಿಲ್ಸಿ, ಮ್ಯಾನೇಜರ್‌ನ ಕರೀರಿ, ಇಲ್ಲಿಗೆ ಯಾರೂ ಬರ್ಬೇಡಿ. ವಾರಗಿತ್ತಿಯ ಕಣ್ಣಿನ ನಗು ಆರಿತು. ಯಾಕಕ್ಕಾ, ನಾನೇನ್ ಮಾಡ್ದೆ? ಹೇಳಬೇಕು, ಮಗಳ ಆ ದಿನ ನೆನಪಿಸಿದರೆ ತಿಳಿದೀತು, ಮನೆಯಲ್ಲಿ ಅತ್ತೆಗೂ ಹೇಳಬೇಕು, ಹೇಗೆ ಹೇಳುವುದು, ಬಾಯಿಬಡುಕಿಗೆ ಬಾಯಿಯೇ ಇಲ್ಲ, ಮುಷ್ಟಿ ಬಿಚ್ಚಿ ಚಾಚಿದಳು — ಬಿಳಿ ಕೈಗವಸಿನ ಮೇಲೆ ನೀಲಿ ಎಳೆ, ಕೊಡವಿದರೂ ಬೀಳುತ್ತಿಲ್ಲ, ನೀಲಿ ಎಳೆ.