ನೀಲಿ ಡ್ರಮ್ಮಿನ ಎಣ್ಣೆ

"ಥೂ! ನಿಮ್ ಹಟ್ಟಿ ಕೂಸಿನ್ ನೆತ್ತಿಗೆ ಗಾಣದೆಣ್ಣೆ ಬೇರೆ ಕೇಡು!"

ಬಸವರಾಜಪ್ಪ ಹಾಗೆ ಉಗಿದಾಗ ಕೆಂಚಕ್ಕ ಅವನ ಎಣ್ಣೆ ಕಾರ್ಖಾನೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಹರಳಿನ ಸಿಪ್ಪೆ ಬಿಡಿಸುತ್ತಿದ್ದಳು. ಕೇಳಿದ್ದು ಒಂದೇ ಒಂದು ಬಾಟಲಿ ಹರಳೆಣ್ಣೆ. ಮಗಳು ಕೋಮಲಾ ಹೆತ್ತು ಮಲಗಿದ್ದಳು. ಹಸುಗೂಸಿನ ನೆತ್ತಿಗೆ ಹರಳೆಣ್ಣೆ ತಟ್ಟದೆ ನೀರು ಹಾಕುವ ಮನೆ ಕಂದಿಕೆರೆಯ ಸುತ್ತಮುತ್ತ ಒಂದೂ ಇಲ್ಲ. ತಾನೇ ಸುಲಿದ ಹರಳಿನ ಎಣ್ಣೆಯನ್ನು ಹೀಗೆ ಹಲ್ಲುಗಿಂಜಿ ಕೇಳಬೇಕಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಮತ್ತೆ ಕೇಳಿದಳು.

"ಒಂದ್ ಬಾಟ್ಲಿ ಕೊಡಿ ಸಾವ್ಕಾರ್ರೆ. ನಿಮ್ಮನೆ ಕೂಸಿಗೂ ನಾನೇ ಅಲ್ವ್ರಾ ನೀರಾಕ್ತಿರೋದು."

ಅದು ನಿಜ. ಬಸವರಾಜಪ್ಪನ ಮಗಳು ಯೋಗಿತಾ ಕೂಡ ತವರಲ್ಲಿ ಬಾಣಂತಿ. ದಿನಾ ಬೆಳಿಗ್ಗೆ ಆ ಮನೆಯ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿಯೇ ಕೆಂಚಕ್ಕ ಕೆಲಸಕ್ಕೆ ಬರುವುದು. ಕೂಸಿಗೆ ನೀರು ಹಾಕುವುದಾದರೆ ಕೆಂಚಕ್ಕನ ಕೈಯೇ ಆಗಬೇಕು ಎಂದು ಊರೆಲ್ಲ ಹೆಸರು. ಆ ಕೈಗೆ ಕಾಫಿ ಸಿಗುವುದು ಮಾತ್ರ ಹಿತ್ತಿಲ ಬಾಗಿಲಲ್ಲಿ.

ಬಸವರಾಜಪ್ಪ ಗೊಣಗುತ್ತ ಷೆಡ್ಡಿಗೆ ಹೋಗಿ, ಅಲ್ಲಿದ್ದ ನೀಲಿ ಡ್ರಮ್ಮಿನಿಂದ ಒಂದು ಪ್ಲಾಸ್ಟಿಕ್ ಬಾಟಲಿ ತುಂಬಿ ತಂದು ಅವಳ ಕಾಲ ಬಳಿ ಎಸೆದ. ಆ ಷೆಡ್ಡಿನೊಳಗೆ ಹೆಂಗಸರನ್ನು ಬಿಡುವುದಿಲ್ಲ. ಹರಳೆಣ್ಣೆಗೆ ಅಲ್ಲಿ ಏನೋ ಬೆರೆಸುತ್ತಾರೆ, ಆಮೇಲೆ ಅದು ಬಟ್ಟೆಗೆ ಬಣ್ಣ ಹಾಕುವ ಕಡೆಗೆ ಲಾರಿಯಲ್ಲಿ ಹೋಗುತ್ತದೆ, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಯಾವ ಡ್ರಮ್ಮಿನಲ್ಲಿ ಯಾವ ಎಣ್ಣೆ ಎಂದು ಸಿಪ್ಪೆ ಬಿಡಿಸುವವಳಿಗೆ ಯಾರು ಹೇಳುತ್ತಾರೆ?

ಊರಾಚೆಯ ಕುರಿ ಸಾಕುವವರ ಹಟ್ಟಿಯಲ್ಲಿ ಮಗಳ ಕೂಸಿನ ನೆತ್ತಿಗೆ ಆ ಎಣ್ಣೆ ತಟ್ಟಿ ನೀರು ಹೊಯ್ದಳು. ನೀರು ಬಿದ್ದದ್ದೇ ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಇಳಿದು ಹೋಯಿತು.

"ಕಡ್ಲೆಹಿಟ್ಟೂ ಬ್ಯಾಡ ಕಣವ್ವ, ಎಷ್ಟ್ ಸಲೀಸಾಗೋಯ್ತು ನೋಡು," ಎಂದು ಕೋಮಲಾ ನಕ್ಕಳು. ಕೆಂಚಕ್ಕನೂ ನಕ್ಕಳು.

ಸಂಜೆಗೆ ಕೂಸಿನ ನೆತ್ತಿ ಕೆಂಪಗೆ ಊದಿಕೊಂಡಿತು. ಬೆಳಗಾಗುವಷ್ಟರಲ್ಲಿ ಚರ್ಮ ಸುಲಿಯಿತು. ಮೊಲೆ ಕೊಟ್ಟರೂ ಅಳು ನಿಲ್ಲಲಿಲ್ಲ. ಕೆಂಚಕ್ಕನ ಕೈಗೆ ಏನೂ ಆಗಿರಲಿಲ್ಲ; ಸಿಪ್ಪೆ ಬಿಡಿಸಿ ಬಿಡಿಸಿ ಜಡ್ಡುಗಟ್ಟಿದ ಕೈ ಅದು. ಆಸ್ಪತ್ರೆಯ ನರ್ಸು "ಅದೇನ್ರೀ ಹಚ್ಚಿದ್ದು?" ಎಂದು ಗದರಿ ಮುಲಾಮು ಕೊಟ್ಟಳು. ಕೆಂಚಕ್ಕ ಬಾಟಲಿ ಹಿಡಿದುಕೊಂಡು ನೇರ ಕಾರ್ಖಾನೆಗೆ ಬಂದಳು.

"ಇದ್ಯಾವೆಣ್ಣೆ ಸಾವ್ಕಾರ್ರೆ? ಕೂಸಿನ್ ತಲೆ ಸುಲ್ದೋಗೈತೆ."

"ಶುದ್ಧವಾದ ಹರಳೆಣ್ಣೆ ಕಣೇ ಅದು! ಕುರಿ ಹಿಕ್ಕೆ ಬಾಚಿದ್ ಕೈಯಾಗೆ ತಲೆ ಮುಟ್ಟಿದ್ರೆ ಇನ್ನೇನಾಯ್ತದೆ? ನಿಮ್ ಕೊಳಕು ನೀವ್ ತೊಳ್ಕಳಲ್ಲ, ಎಣ್ಣೆ ಮ್ಯಾಲೆ ಹೇಳಕ್ಕೆ ಬಂದವ್ಳೆ ಬೋಸುಡಿ! ಇನ್ನೊಂದ್ ಮಾತಾಡಿದ್ರೆ ಗೇಟಿಂದಾಚೆಗೆ."

ಜೊತೆಯ ಹೆಂಗಸರು ತಲೆ ಎತ್ತಲಿಲ್ಲ. ಕೆಂಚಕ್ಕನಿಗೆ ಅವರ ಮೇಲೂ ಸಿಟ್ಟು ಬಂತು, ತನ್ನ ಮೇಲೂ ಬಂತು. ಅವನು ಶುದ್ಧ ಅಂದರೆ ಶುದ್ಧ, ಕೊಳಕು ಅಂದರೆ ಕೊಳಕು. ಊರಲ್ಲಿ ಯಾರ ಮುಂದೆ ಹೇಳಿಕೊಂಡರೂ ಅವನ ಮಾತೇ ನಡೆಯುವುದು.

ಮರುದಿನ ಬೆಳಿಗ್ಗೆ ಬಸವರಾಜಪ್ಪನ ಬಚ್ಚಲಲ್ಲಿ ಹಂಡೆ ಕಾದಿತ್ತು. ಕೆಂಚಕ್ಕ ಕಾಲು ಚಾಚಿ ಕೂತು ಯೋಗಿತಾಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಪಕ್ಕದಲ್ಲಿ ಗಾಣದೆಣ್ಣೆಯ ಗಾಜಿನ ಬಾಟಲಿ ಇತ್ತು. ಅದನ್ನು ಅತ್ತ ಸರಿಸಿ, ಮಡಿಲಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು ಅಂಗೈ ತುಂಬ ಸುರಿದುಕೊಂಡಳು.

"ಅದ್ಯಾವ್ದು ಕೆಂಚಕ್ಕ?" ಎಂದಳು ಯೋಗಿತಾ.

"ನಿಮ್ಮಪ್ಪಾರು ಕೊಟ್ಟಿದ್ದು ಕಣವ್ವ. ನೀಲಿ ಡ್ರಮ್ಮಿಂದು. ಶುದ್ಧವಾದ ಹರಳೆಣ್ಣೆಯಂತೆ," ಎಂದಳು ಕೆಂಚಕ್ಕ, ನಡುಮನೆಗೆ ಕೇಳುವಷ್ಟು ಜೋರಾಗಿ. ಕೈಯನ್ನು ಮಾತ್ರ ಕೂಸಿನಿಂದ ದೂರವೇ ಹಿಡಿದಿದ್ದಳು.

ಪೇಪರು ಓದುತ್ತಿದ್ದ ಬಸವರಾಜಪ್ಪ ಪಂಚೆ ಎಡವಿಕೊಂಡು ಓಡಿ ಬಂದ.

"ಏಯ್! ಬ್ಯಾಡ! ಮುಟ್ಟಿಸ್ಬ್ಯಾಡ! ಆಸಿಡ್ ಹಾಕಿರೋ ಎಣ್ಣೆ ಕಣೇ ಅದು, ಆಸಿಡ್ನ ಇನ್ನೂ ತೊಳ್ದ್ ತೆಗ್ದಿಲ್ಲ!"

ಯೋಗಿತಾ ಕೂಸನ್ನು ಬಾಚಿಕೊಂಡಳು. ಕೆಂಚಕ್ಕ ತಡೆಯಲಿಲ್ಲ; ಆ ಕೂಸಿನ ಮೇಲೆ ಅವಳಿಗೆ ಯಾವ ಹಗೆಯೂ ಇರಲಿಲ್ಲ. ಎಣ್ಣೆಯ ಅಂಗೈ ಚೆಲ್ಲದ ಹಾಗೆ ಹಿಡಿದು ಎದ್ದಳು.

"ಗೊತ್ತಿತ್ತಲ್ಲ ನಿಂಗೆ. ಕುರಿ ಹಿಕ್ಕೆ ಅಂದ್ಯಲ್ಲೋ, ಮುಂಡೇಮಗನೆ."

ಹಿಂದೆ ಸರಿಯಲು ಅವನಿಗೆ ಗೋಡೆ ಅಡ್ಡ ಬಂತು. ಕೆಂಚಕ್ಕ ಆ ಅಂಗೈಯನ್ನು ಅವನ ಬೋಳು ನೆತ್ತಿಯ ಮೇಲಿಟ್ಟು, ಕೂಸಿಗೆ ತಟ್ಟುವಷ್ಟೇ ಮೆತ್ತಗೆ ತಟ್ಟಿದಳು. ಎಣ್ಣೆ ಹುಬ್ಬಿನವರೆಗೂ ಇಳಿಯಿತು.

ಗಾಜಿನ ಬಾಟಲಿಯನ್ನು ಮಡಿಲಿಗೆ ಕಟ್ಟಿಕೊಂಡಳು. ಹಿತ್ತಿಲ ಕಡೆ ತಿರುಗಲಿಲ್ಲ. ಒದ್ದೆ ಕಾಲಲ್ಲೇ ನಡುಮನೆ ಹಾದು ಮುಂಬಾಗಿಲಿನಿಂದ ಬೀದಿಗಿಳಿದಳು. ಕೆಲಸ ಹೋಯಿತೆಂದು ಅವಳಿಗೆ ಗೊತ್ತಿತ್ತು. ಹಟ್ಟಿಯಲ್ಲಿ ಕೂಸು ಇನ್ನೂ ಅಳುತ್ತಿರಬಹುದು.

ಬಚ್ಚಲಿನಿಂದ ಬಸವರಾಜಪ್ಪ ಕಿರುಚುತ್ತಿದ್ದ.

"ನೀರು! ನೀರ್ ಹುಯ್ರೇ ಯಾರಾದ್ರೂ!"