ಮೊದಲ ವರ್ಷದ ಮೇಷ್ಟ್ರು

ಎಡಗಾಲಿನ ಶೂ ಲೇಸಿನ ಗಂಟು ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಅವಳು ಮಂಡಿಯೂರಿ ಕೂತು ಉಗುರಿನಿಂದ ಎಳೆದಳು, ತಲೆಪಿನ್ನಿನ ತುದಿ ತೂರಿಸಿ ನೋಡಿದಳು. ಬೆಳಿಗ್ಗೆ ಗಂಡನ ಕಾಲಿಗೆ ಆ ಶೂ ಹಾಕಿ ಎರಡೆರಡು ಗಂಟು ಬಿಗಿದವಳೂ ಅವಳೇ.

"ರಬ್ಬರ್ ಅಡಿ ಇರೋದನ್ನ ಒಳಗೆ ಬಿಡೋ ಹಾಗಿಲ್ಲಮ್ಮ," ಎಂದು ಚಿತಾಗಾರದ ನೌಕರ ಎರಡನೇ ಸಲ ಹೇಳಿದ. "ಹೊಗೆ ತುಂಬ್ಕೊಳ್ಳುತ್ತೆ. ಬೆಲ್ಟೂ ತೆಗೀರಿ, ಬಕಲ್ ಇದೆ."

"ಕತ್ತರಿ ಇದ್ರೆ ಕೊಡಪ್ಪಾ, ಕತ್ತರಿಸಿಬಿಡೋಣ," ಎಂದರು ಭಾವ, ಗಂಡನ ಅಣ್ಣ. ಅವರು ಆಗಲೇ ಮೂರು ಸಲ ಗಡಿಯಾರ ನೋಡಿಕೊಂಡಿದ್ದರು.

"ಬೇಡ ಭಾವ. ಒಂದು ನಿಮಿಷ."

ಬೀಗದ ಕೈ ಮಾಡುವ ಕೈ ಅದು. ಮೂವತ್ತು ವರ್ಷದಲ್ಲಿ ತುಕ್ಕು ಹಿಡಿದ ಎಷ್ಟೋ ಬೀಗಗಳನ್ನು ಬಿಚ್ಚಿತ್ತು. ಇವತ್ತು ಒಂದು ದಾರದ ಗಂಟಿಗೆ ಸೋತಿತ್ತು. ಕೊನೆಗೆ ಗಂಟು ಸಡಿಲವಾಯಿತು. ಶೂ ಕಳಚಿದಾಗ ಕಾಲುಚೀಲದ ಹೆಬ್ಬೆರಳಿನ ಕಡೆ ತೂತು ಕಂಡಿತು. ಅವಳು ಚೀಲವನ್ನು ಮುಂದಕ್ಕೆ ಎಳೆದು ತೂತನ್ನು ಬೆರಳ ಕೆಳಗೆ ಮಡಚಿದಳು. ಶೂಗಳನ್ನು ಭಾವನ ಹೆಂಡತಿ ಒಂದು ಕವರಿನಲ್ಲಿ ಹಾಕಿಕೊಂಡು ಕಾರಿಗೆ ಒಯ್ದರು.

ಕೂರುವ ಹಾಲ್‌ನಲ್ಲಿ ನಲವತ್ತು ಕುರ್ಚಿಗಳಿದ್ದವು. ಬಂದಿದ್ದವರು ಏಳು ಜನ. ಭಾವನ ಮನೆಯವರು ಮೂವರು, ಅವಳ ಬೀಗದ ಕೈ ಅಂಗಡಿಯ ಆಚೆ ಈಚೆಯ ಔಷಧಿ ಅಂಗಡಿಯವರು, ಕನ್ನಡಕದ ಅಂಗಡಿಯಾಕೆ, ಕೆಳಮನೆಯ ಗಂಡ ಹೆಂಡತಿ. ಹೊರಗೆ ಕಾರಿಡಾರಿನಲ್ಲಿ ಮುಂದಿನ ಸರದಿಯವರು ಆಗಲೇ ಕಿಕ್ಕಿರಿದು ನಿಂತಿದ್ದರು.

"ಇಪ್ಪತ್ತೇಳು ವರ್ಷ ಜೀವ ತೇದ ಕಾಲೇಜು," ಎಂದರು ಭಾವ, ಎಲ್ಲರಿಗೂ ಕೇಳುವ ಹಾಗೆ. "ಅಲ್ಲಿಂದ ಒಂದು ನರಪಿಳ್ಳೆ ಬಂದಿಲ್ಲ. ಫೋನ್ ಮಾಡಿ ತಿಳಿಸಿದೆಯೇನಮ್ಮ?"

"ತಿಳಿಸಿದೆ ಭಾವ. ನೋಟಿಸ್ ಬೋರ್ಡಿಗೆ ಹಾಕ್ತೀವಿ ಅಂದ್ರು."

"ಹಾಕ್ತಾರೆ. ಪಾಪ, ತುಂಬಾ ಕಷ್ಟದ ಕೆಲಸ." ಭಾವ ಮೂಗಿನಲ್ಲಿ ನಕ್ಕರು. "ಆವತ್ತೇ ಬಡ್ಕೊಂಡೆ, ಬೇರೆ ಕೆಲಸ ನೋಡ್ಕೋ ಅಂತ. ನನ್ನ ತಮ್ಮ ಊರಿಗೆಲ್ಲ ವ್ಯಾಪಾರ ಹೇಳಿಕೊಟ್ಟ, ತಾನು ಮಾತ್ರ ಏನೂ ಕಲೀಲಿಲ್ಲ."

 ಅಂಥ ಮಾತನ್ನು ಅವಳೂ ಆಡಿದ್ದಳು. ಅದೂ ಗಿರಾಕಿಗಳ ಎದುರಿಗೆ.

*

ಇಪ್ಪತ್ತೇಳು ವರ್ಷ ಅವಳ ಗಂಡ, ಆ ಮೇಷ್ಟ್ರು, ಒಂದೇ ವಿಷಯ ಪಾಠ ಮಾಡಿದ್ದರು: ವ್ಯವಹಾರದ ಮೂಲತತ್ವಗಳು, ಮೊದಲ ವರ್ಷ, ಮೊದಲ ಸೆಮಿಸ್ಟರ್. ವ್ಯಾಪಾರ ಎಂದರೇನು, ಬಂಡವಾಳ ಎಂದರೇನು, ಗ್ರಾಹಕ ಎಂದರೆ ಯಾರು. ಮುಂದಿನ ವರ್ಷಗಳ ಪಾಠವೆಲ್ಲ ಖಾಯಂ ನೌಕರಿಯವರಿಗೆ ಮೀಸಲು. ಇವರು ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಕಾಲೇಜು ತೆರೆಯುವ ವಾರ ಒಂದು ಪತ್ರ ಬರುತ್ತಿತ್ತು, ಈ ವರ್ಷವೂ ಅತಿಥಿಯಾಗಿ ಬನ್ನಿ ಎಂದು.

"ಇಪ್ಪತ್ತೇಳು ವರ್ಷದಿಂದ ಫಸ್ಟ್ ಇಯರ್‌ನಲ್ಲೇ ಫೇಲಾಗಿ ಕೂತಿದೀನಿ ಕಣೆ," ಎಂದು ಅವರೇ ನಗುತ್ತಿದ್ದರು.

ಹೋದ ವರ್ಷದ ರಜೆಯಲ್ಲಿ ವಿಭಾಗದ ಮುಖ್ಯಸ್ಥರು ಕರೆಸಿ, ನಲವತ್ತೆರಡು ಪಾಠಗಳನ್ನೂ ವೀಡಿಯೋ ಮಾಡಿಕೊಡಿ ಎಂದರು. ಮೇಷ್ಟ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಷೌರ ಮಾಡಿಸಿಕೊಂಡರು. ಬಿಳಿ ಅಂಗಿ ಕ್ಯಾಮೆರಾದಲ್ಲಿ ಕಣ್ಣಿಗೆ ಹೊಡೆಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನೀಲಿ ಅಂಗಿ ತಂದುಕೊಂಡರು. ಕಿಟಕಿಯಿಲ್ಲದ ಒಂದು ಕೋಣೆ, ಒಂದು ಕ್ಯಾಮೆರಾ. ಕ್ಯಾಮೆರಾದವನು ಗುಂಡಿ ಒತ್ತಿ, ಸೆಖೆ ತಡೆಯಲಾರದೆ ಹೊರಗೆ ಹೋಗಿ ಕೂರುತ್ತಿದ್ದನಂತೆ. "ಗೋಡೆಗೆ ಪಾಠ ಮಾಡಿ ಬಂದೆ," ಎಂದು ಸಂಜೆ ಬಂದು ಅಂಗಿ ಹಿಂಡಿ ಒಣಗಿಸುತ್ತಿದ್ದರು. ಏಳು ವಾರ ಹಾಗೇ ನಡೆಯಿತು.

ಆ ವರ್ಷ ಪತ್ರ ಬರಲಿಲ್ಲ. ಕೇಳಲು ಹೋದರು. ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದು ಅಂಗಡಿಯ ಮುಂದೆ ನಿಂತರು.

"ಏನಂದ್ರು?" ಎಂದು ಇವಳು ಕೀ ಕೊರೆಯುವ ಯಂತ್ರ ನಿಲ್ಲಿಸಿ ಕೇಳಿದಳು.

"ಇನ್ಮೇಲೆ ವೀಡಿಯೋನೇ ಸಾಕಂತೆ."

"ಅಂದ್ರೆ?"

"ತುಂಬಾ ಚೆನ್ನಾಗಿ ಮಾಡಿದೀನಂತೆ ಕಣೆ. ಅದಕ್ಕೆ ನಾನು ಬೇಕಾಗಿಲ್ವಂತೆ."

ಅಂದಿನಿಂದ ಅವರು ಅಂಗಡಿಯ ಹಿಂಭಾಗದಲ್ಲಿ ಒಂದು ಸ್ಟೂಲಿನ ಮೇಲೆ ಕೂರತೊಡಗಿದರು. ಆ ಅಂಗಡಿ ಅವಳ ಅಪ್ಪನ ಕಾಲದ್ದು. ಆರಡಿ ಅಗಲ, ಮುಂದೆ ಯಂತ್ರ, ಗೋಡೆ ತುಂಬಾ ಇನ್ನೂ ಹಲ್ಲು ಕೊರೆಯದ ಕೀಗಳ ಸಾಲು. ಮೇಷ್ಟ್ರು ಫೋನಿನಲ್ಲಿ ತಲೆ ಹುದುಗಿಸಿ ಕೂತರೆ ಕೂತರು. ಪದಬಂಧ ಆಡುತ್ತಾರೆ ಎಂದುಕೊಂಡು ಇವಳು ಕೆಲವು ತಿಂಗಳು ಹೊಟ್ಟೆಗೆ ಹಾಕಿಕೊಂಡಳು. ಒಂದು ದಿನ ಗಿರಾಕಿಯೊಬ್ಬ, "ಏನ್ ಮೇಡಂ, ಮನೇಲೇ ವ್ಯಾಪಾರದ ಮೇಷ್ಟ್ರನ್ನ ಇಟ್ಕೊಂಡಿದೀರಿ, ಇನ್ನೂ ಆರಡಿ ಅಂಗಡೀಲೇ ಇದೀರಲ್ಲ?" ಎಂದು ಹಲ್ಲು ಕಿರಿದ.

"ಅವರ ವಿದ್ಯೆ ಪುಸ್ತಕಕ್ಕೆ ಸರಿ. ಹಿತ್ತಾಳೆ ಕೀಗೂ ಉಕ್ಕಿನ ಕೀಗೂ ವ್ಯತ್ಯಾಸ ಗೊತ್ತಿಲ್ಲ. ಕೂರಿಸಿ ಅನ್ನ ಹಾಕ್ತಿದೀನಿ," ಎಂದುಬಿಟ್ಟಳು.

ಗಿರಾಕಿ ನಕ್ಕ. ಹಿಂದಿನಿಂದ ಮೇಷ್ಟ್ರೂ ನಕ್ಕರು. ಆ ನಗು ಆಮೇಲೆ ಅವಳನ್ನು ಬಿಡಲಿಲ್ಲ.

*

ಮೇಷ್ಟ್ರನ್ನು ಮಲಗಿಸಿದ್ದ ತೆರೆದ ಪೆಟ್ಟಿಗೆಯನ್ನು ಒಳಗೆ ತಳ್ಳಲು ಐದು ನಿಮಿಷವಿದೆ ಎನ್ನುವಾಗ ಒಬ್ಬಳು ಹುಡುಗಿ ಓಡಿಬಂದಳು. ಹೆಗಲಿಗೆ ಕಾಲೇಜಿನ ಚೀಲ, ಮುಖವೆಲ್ಲ ಬೆವರು. ಬಾಗಿಲಲ್ಲೇ ನಿಂತು ಮೇಷ್ಟ್ರ ಹೆಂಡತಿಯನ್ನೇ ದಿಟ್ಟಿಸಿದಳು.

"ಆಂಟಿ, ನೀವು ಬೀಗದ ಕೈ ಅಂಗಡಿಯವರಲ್ವಾ?"

"ಹೌದಮ್ಮ. ಅಂಗಡಿ ಇವತ್ತು ಇಲ್ಲ," ಎಂದಳು ಅವಳು, ಬಾಯಿಗೆ ಬಂದದ್ದನ್ನು.

"ಅಲ್ಲ, ನಾನು ಸರ್‌ನ ಸ್ಟೂಡೆಂಟು. ಅಂಗಡಿ ಹತ್ರ ಹೋಗಿದ್ದೆ. ಶಟರ್ ಮೇಲೆ ಅಂಟಿಸಿದ್ದ ಚೀಟೀಲಿ ಇಲ್ಲಿನ ವಿಳಾಸ ಇತ್ತು." ಹುಡುಗಿಯ ಕಣ್ಣು ಪೆಟ್ಟಿಗೆಯ ಕಡೆ ಹೋಗಿ ಅಲ್ಲೇ ನಿಂತಿತು. "ನಾನು ಸರ್‌ನ ನೇರ ನೋಡೇ ಇರಲಿಲ್ಲ. ಇಷ್ಟು ಸಣ್ಣ ಇದ್ರಾ?"

ಭಾವ ಹತ್ತಿರ ಬಂದರು. "ಸ್ಟೂಡೆಂಟ್ ಅಂತೀಯ, ನೋಡೇ ಇಲ್ಲ ಅಂತೀಯ. ಅವನು ಕಾಲೇಜು ಬಿಟ್ಟು ವರ್ಷದ ಮೇಲಾಯ್ತಲ್ಲಮ್ಮ."

"ವೀಡಿಯೋದಲ್ಲಿ ಅಂಕಲ್. ಪ್ರತಿ ಪಾಠದ ಕೊನೇಲಿ ಸರ್‌ದು ಇ-ಮೇಲ್ ಬರುತ್ತೆ, ಡೌಟ್ ಇದ್ರೆ ಬರೀರಿ ಅಂತ. ಬೇರೆ ಯಾರಿಗೆ ಬರೆದ್ರೂ ಉತ್ತರ ಬರಲ್ಲ. ಸರ್ ಮಾತ್ರ ಅದೇ ದಿನ ಬರೆಯೋರು, ಎಷ್ಟುದ್ದ ಬೇಕಾದ್ರೂ. ನಮ್ಮ ಹಾಸ್ಟೆಲ್‌ನಲ್ಲೇ ಹದಿನೈದು ಜನ ಬರೀತಾ ಇದ್ವಿ."

"ಅದಕ್ಕೆ ಕಾಲೇಜಿನವರು ಏನಾದ್ರೂ ಕೊಡ್ತಿದ್ರಾ?" ಎಂದು ಭಾವ ತಮ್ಮನ ಹೆಂಡತಿಯ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಪದಬಂಧವಲ್ಲ ಎನ್ನುವುದು ಅವಳಿಗೆ ಆಗಷ್ಟೇ ತಿಳಿದಿತ್ತು.

"ನಮ್ಮಂಗಡಿ ನಿಂಗೆ ಹೇಗೆ ಗೊತ್ತು?" ಎಂದಳು.

"ನಿಮ್ಮ ಅಂಗಡಿ ಯಾರಿಗೆ ಗೊತ್ತಿಲ್ಲ ಆಂಟಿ? ಸರ್ ಯಾವ ಪಾಠ ಶುರು ಮಾಡಿದ್ರೂ, 'ಒಂದು ಬೀಗದ ಕೈ ಅಂಗಡಿ ಇದೆ ಅಂದ್ಕೊಳ್ಳಿ' ಅಂತಾನೇ ಶುರು. ಬಸ್ ಸ್ಟ್ಯಾಂಡ್ ಹಿಂದೆ, ಒಂದು ಕಡೆ ಔಷಧಿ, ಒಂದು ಕಡೆ ಕನ್ನಡಕ. ನಲವತ್ತೆರಡು ಪಾಠದಲ್ಲೂ ನೀವೇ. ಹುಡುಗರು ಅವರನ್ನ ಬೀಗದ ಕೈ ಮೇಷ್ಟ್ರು ಅಂತಾನೇ ಕರೆಯೋದು."

ಕನ್ನಡಕದ ಅಂಗಡಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ತಡವರಿಸಿದಳು.

"ಮೊನ್ನೆ ಒಂದು ಪ್ರಶ್ನೆ ಕಳಿಸಿದ್ದೆ. ಎರಡು ದಿನ ಆದ್ರೂ ಉತ್ತರ ಬರಲಿಲ್ಲ. ಹಾಗೆ ಆಗಿದ್ದೇ ಇಲ್ಲ. ಅದಕ್ಕೇ ಹುಡುಕ್ಕೊಂಡು ಹೋದೆ."

"ಮೊನ್ನೆ ಎಷ್ಟು ಹೊತ್ತಿಗೆ?"

"ಮೂರು ಗಂಟೆ ಹೊತ್ತಿಗೆ. ಪೆದ್ದ ಪ್ರಶ್ನೆ ಆಂಟಿ. ಯಂತ್ರ ಸವೆಯೋದು ಯಾವ ಖರ್ಚಿಗೆ ಸೇರುತ್ತೆ ಅಂತ."

*

ಮೊನ್ನೆ ಮಧ್ಯಾಹ್ನ ಮೂರೂಕಾಲಿಗೆ ಅವಳು ಕೀ ಕೊರೆಯುತ್ತಿದ್ದಳು. ಗಿರಾಕಿ ಎದುರಿಗೆ ನಿಂತಿದ್ದ. ಹಿಂದೆ ಏನೋ ಧೊಪ್ಪೆಂದು ಬಿತ್ತು.

"ಏನ್ರೀ ಬೀಳಿಸಿದ್ರಿ?" ಎಂದಳು, ತಿರುಗದೆ.

ಉತ್ತರ ಬರಲಿಲ್ಲ. ಕೀ ಅರ್ಧ ಕೊರೆದಿತ್ತು. ನಡುವೆ ಕೈ ತೆಗೆದರೆ ಹಲ್ಲು ತಪ್ಪಿ ಇಡೀ ಕೀ ಹಾಳು. ಅವಳು ಕೊನೆಯ ಹಲ್ಲಿನವರೆಗೂ ಕೊರೆದಳು. ಯಂತ್ರ ನಿಲ್ಲಿಸಿ ಅರದಿಂದ ಅಂಚು ಉಜ್ಜಿದಳು. ಊದಿ ಪುಡಿ ಹಾರಿಸಿದಳು. ಹಳೆಯದರ ಪಕ್ಕಕ್ಕೆ ಹಿಡಿದು ಹಲ್ಲಿಗೆ ಹಲ್ಲು ಕೂಡುತ್ತದೆಯೇ ಎಂದು ಬೆಳಕಿಗೆ ನೋಡಿದಳು. "ಎಲ್ಲ ಅಲ್ಲೇ ಹರಡ್ಬೇಡಿ, ಎತ್ತಿಡಿ," ಎಂದೂ ಗದರಿದಳು. ಕೀ ತೆಗೆದುಕೊಳ್ಳುವಾಗ ಗಿರಾಕಿಯೇ ಅವಳ ಹೆಗಲ ಮೇಲಿಂದ ಇಣುಕಿ, "ಮೇಡಂ, ಹಿಂದೆ ಯಾರೋ ಬಿದ್ದಿದಾರೆ," ಎಂದದ್ದು.

ಮೇಷ್ಟ್ರು ಗೋಡೆಗೆ ಒರಗಿದ ಹಾಗೆ ಕುಸಿದಿದ್ದರು. ಫೋನು ಕೈಯಲ್ಲೇ ಇತ್ತು. ಕಣ್ಣು ಅವಳ ಬೆನ್ನಿನ ಕಡೆ ತೆರೆದಿತ್ತು.

"ಒಂದೆರಡು ನಿಮಿಷದಲ್ಲಿ ಏನೂ ವ್ಯತ್ಯಾಸ ಆಗ್ತಿರಲಿಲ್ಲ," ಎಂದು ವೈದ್ಯರು ಹೇಳಿದರು. ಹೇಳುವಾಗ ಅವಳ ಮುಖ ನೋಡಲಿಲ್ಲ, ಕಾಗದದ ಮೇಲೆ ಬರೆಯುತ್ತಿದ್ದರು. ಕೀ ಮುಗಿಯುವವರೆಗೂ ತಿರುಗಿ ನೋಡದ ಸಂಗತಿಯನ್ನು ಅವಳು ವೈದ್ಯರ ಹೊರತು ಇನ್ನೂ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೇಳಿಕೊಳ್ಳಲು ಅಂಥ ಮನುಷ್ಯರಿದ್ದದ್ದು ಒಬ್ಬರೇ.

*

ಉಕ್ಕಿನ ಬಾಗಿಲು ಮುಚ್ಚಿಕೊಂಡಿತು. ಒಳಗೆ ಗಾಳಿ ಹೊಡೆದಂಥ ಸದ್ದು ಶುರುವಾಯಿತು. ನೌಕರ ಒಂದು ನಂಬರಿನ ಚೀಟಿ ಕೊಟ್ಟು, "ನಾಲ್ಕು ಗಂಟೆಗೆ ಬನ್ನಿ, ಬೂದಿ ಕೊಡ್ತೀವಿ," ಎಂದ. ಹೊರಗೆ ಕಾದಿದ್ದವರು ಕುರ್ಚಿಗಳಿಗೆ ನುಗ್ಗಿದರು.

ಅಂಗಳದಲ್ಲಿ ಹುಡುಗಿ ಕೈ ಹಿಸುಕುತ್ತಾ ನಿಂತಿದ್ದಳು. "ಬರ್ತೀನಿ ಆಂಟಿ. ಎರಡು ಗಂಟೆಗೆ ಸರ್ ಕ್ಲಾಸಿದೆ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. 

"ಇವತ್ತೂ ಇದೆಯಾ?" ಎಂದಳು ಅವಳು.

"ಟೈಮ್‌ಟೇಬಲ್‌ನಲ್ಲಿ ಇರುತ್ತೆ. ಯಾರೋ ಬಂದು ಹಾಕಿ ಹೋಗ್ತಾರೆ."

"ನಾನೂ ಬರಬಹುದಾ?"

"ಈ ಹೊತ್ತಲ್ಲಿ ಕಾಲೇಜಿಗಾ?" ಎಂದು ಭಾವ ದನಿ ಏರಿಸಿದರು. "ನೋಡಿದ ಜನ ಏನಂತಾರಮ್ಮ?"

"ಜನ ಎಲ್ಲಿದಾರೆ ಭಾವ?"

 ಅವಳು ಹುಡುಗಿಯ ಜೊತೆ ಬಸ್ಸು ಹತ್ತಿದಳು.

ಇಷ್ಟು ವರ್ಷದಲ್ಲಿ ಅವಳು ಆ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಮಧ್ಯಾಹ್ನ ಅಂಗಡಿ ಬಿಡುವ ಹಾಗಿರಲಿಲ್ಲ, ಮೇಷ್ಟ್ರೂ ಕರೆದಿರಲಿಲ್ಲ. ನೋಟಿಸ್ ಬೋರ್ಡಿನ ಮುಂದೆ ಹಾದರು. ಪರೀಕ್ಷೆಯ ಶುಲ್ಕ, ಕಳೆದುಹೋದ ಛತ್ರಿ, ಆಟದ ತಂಡದ ಆಯ್ಕೆ. ಹುಡುಗಿ ಒಮ್ಮೆ ನಿಂತು ಮೇಲಿಂದ ಕೆಳಗೆ ಓದಿ, ಮುಂದೆ ನಡೆದಳು.

ಎರಡನೇ ಮಹಡಿಯ ದೊಡ್ಡ ಕೋಣೆ. ಬಾಗಿಲ ಹತ್ತಿರ ಹಾಜರಿಯ ಯಂತ್ರವಿತ್ತು. ಹುಡುಗರು ಹೆಬ್ಬೆರಳು ಒತ್ತುತ್ತಿದ್ದರು. ಕೆಲವರು ಒತ್ತಿ ಹಾಗೇ ಮೆಟ್ಟಿಲಿಳಿದು ಹೋಗುತ್ತಿದ್ದರು. ಒಳಗೆ ಇಪ್ಪತ್ತು ಇಪ್ಪತ್ತೈದು ಜನ ಅಲ್ಲಲ್ಲಿ ಚದುರಿ ಕೂತಿದ್ದರು. ಒಬ್ಬ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ. ಇಬ್ಬರು ಒಂದೇ ಫೋನಿಗೆ ಬಗ್ಗಿ ನಗುತ್ತಿದ್ದರು. ಹುಡುಗಿ ಹೋಗಿ ಮೂರನೇ ಸಾಲಿನಲ್ಲಿ ಕೂತಳು. ಮೇಷ್ಟ್ರ ಹೆಂಡತಿ ಬಾಗಿಲ ಒಳಗೆ, ಹಿಂದಿನ ಗೋಡೆಯ ಪಕ್ಕ ನಿಂತಳು.

ಪಾಠ ಆಗಲೇ ನಡೆದಿತ್ತು. ಎದುರು ಗೋಡೆಯ ಮೇಲೆ ನೀಲಿ ಅಂಗಿ ತೊಟ್ಟ ಮೇಷ್ಟ್ರು ಎರಡಾಳೆತ್ತರ ನಿಂತಿದ್ದರು. ಹಣೆಯ ಬೆವರು ಮಿನುಗುತ್ತಿತ್ತು. ಬೆಳಿಗ್ಗೆ ಅವಳು ಬಾಚಿದ ತಲೆಗಿಂತ ಆ ತಲೆಯಲ್ಲಿ ಕೂದಲು ಸ್ವಲ್ಪ ಹೆಚ್ಚಿತ್ತು.

"...ಗ್ರಾಹಕನೇ ದೊಡ್ಡೋನು ಅಂತ ಪುಸ್ತಕದಲ್ಲಿದೆ. ಒಪ್ಪೋಣ," ಎನ್ನುತ್ತಿದ್ದರು. "ಈಗ ನಮ್ಮ ಬೀಗದ ಕೈ ಅಂಗಡಿಗೆ ಒಬ್ಬ ಬರ್ತಾನೆ. ಸೋಪಿನ ಬಿಲ್ಲೆ ಮೇಲೆ ಒತ್ತಿಕೊಂಡ ಯಾರದೋ ಮನೆ ಕೀಯ ಅಚ್ಚು ತಂದಿದಾನೆ. ಎಷ್ಟು ಬೇಕಾದ್ರೂ ಕೊಡ್ತೀನಿ, ಇದರ ಹಾಗೇ ಒಂದು ಮಾಡ್ಕೊಡಿ ಅಂತಾನೆ. ಮೂರು ದಿನದಿಂದ ಬೋಣಿಯಾಗಿಲ್ಲ. ಆದ್ರೂ ಆಯಮ್ಮ ಆಗಲ್ಲ ಅಂತಾಳೆ. ಅವನು ಕೂಗಾಡ್ತಾನೆ, ಮುಂದಿನ ಗಾಜು ಒಡೀತಾನೆ. ಆಯಮ್ಮ ಜಗ್ಗಲ್ಲ. ಯಾಕೆ? ಕಾನೂನಿನ ಭಯಾನಾ? ಅಂಗಡಿ ಹೆಸರು ಕೆಡುತ್ತೆ ಅಂತಾನಾ? ನಾನೂ ಅವತ್ತು ಕೇಳಿದೆ. ಸುಮ್ನಿರಿ ಅಂದ್ಲು, ಹೇಳಲಿಲ್ಲ. ಯೋಚನೆ ಮಾಡಿ. ಯಾರಾದ್ರೂ ಎದ್ದು ಹೇಳಿ ನೋಡೋಣ."

ಮೇಷ್ಟ್ರು ಸುಮ್ಮನಾದರು. ವೀಡಿಯೋ ಮಾಡಿದ ಆ ಖಾಲಿ ಕೋಣೆಯಲ್ಲಿ ಅವರ ಎದುರಿಗೆ ಯಾರೂ ಇದ್ದಿರಲಿಲ್ಲ. ಆದರೂ ಅವರು ಮುಂದಿನ ಬೆಂಚು, ಹಿಂದಿನ ಬೆಂಚು ಎಂದು ಒಂದೊಂದೇ ಕಡೆ ಕಣ್ಣು ಹಾಯಿಸಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ಕಾದರು. ತರಗತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಎಲ್ಲೋ ಒಂದು ಪೆನ್ನು ಉರುಳಿತು.

"ಆ ಮನೇಲಿ ಯಾರೋ ಮಲಗಿರ್ತಾರಲ್ರೀ," ಎಂದಳು ಅವಳು.

ಮೂರನೇ ಸಾಲಿನ ಹುಡುಗಿ ತಿರುಗಿ ನೋಡಿದಳು.

ಗೋಡೆಯ ಮೇಲೆ ಮೇಷ್ಟ್ರು ಮೆಲ್ಲಗೆ ತಲೆದೂಗಿದರು. "ಹ್ಞಾ. ಸರಿಯಾಗಿ ಹೇಳಿದ್ರಿ. ಕೂತ್ಕೊಳ್ಳಿ," ಎಂದರು.

ಆ ಕೋಣೆಯಲ್ಲಿ ನಿಂತಿದ್ದವಳು ಅವಳೊಬ್ಬಳೇ.