ಭಜಂತ್ರಿಯವರ ನಂಬರು ನಾನೇ

ನಾನು ಒಂದು ಸಿಮ್ ಕಾರ್ಡು. ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡ ಮೈ, ಅದರ ಮೇಲೊಂದು ಬಂಗಾರ ಬಣ್ಣದ ತಗಡು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಅಲ್ಲಿ ನಮ್ಮೆಲ್ಲರದೂ ಒಂದೇ ಮುಖ, ಯಾರಿಗೂ ಹೆಸರಿಲ್ಲ. ನಂಬರು ಸಿಕ್ಕ ದಿನವೇ ನಾನು ನಾನಾದೆ ಎಂದು ಬಹಳ ಕಾಲ ಬೀಗುತ್ತಿದ್ದೆ.

ನನ್ನನ್ನು ಕೊಂಡವರು ರೋಣದ ಕಡೆಯ ಒಂದು ಹಳ್ಳಿಯ ದುರುಗಪ್ಪ ಭಜಂತ್ರಿ. ಮದುವೆ ಬ್ಯಾಂಡಿನ ಯಜಮಾನರು, ಕ್ಲಾರಿನೆಟ್ ಊದುವವರು. ಅವರು ಮೊದಲು ಮಾಡಿದ ಕೆಲಸವೆಂದರೆ ದೊಡ್ಡ ಡ್ರಮ್ಮಿನ ಮೇಲೆ ನನ್ನ ನಂಬರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದು. ಮೆರವಣಿಗೆ ನೋಡಲು ಬಂದವರು ಅದನ್ನು ಓದಿಕೊಂಡು ಮುಂದಿನ ಮದುವೆಗೆ ಕರೆ ಮಾಡುತ್ತಿದ್ದರು. ಆ ಕರೆಗಳನ್ನೆಲ್ಲ ಒಳಗೆ ಬಿಟ್ಟುಕೊಳ್ಳುವವನು ನಾನು! ಡ್ರಮ್ಮು ಬಾರಿಸುವ ಹುಲಿಗೆಪ್ಪನ ಏಟು, ಕ್ಲಾರಿನೆಟ್ಟಿನ ಉಸಿರು, ಜನರ ಕೇಕೆ, ಎಲ್ಲವನ್ನೂ ಗುಂಡಿ ಒತ್ತುವ ಹಳೆಯ ಫೋನಿನ ಬ್ಯಾಟರಿ ಕೆಳಗೆ ಮಲಗಿ ಕೇಳುತ್ತಿದ್ದೆ. ನನ್ನಂಥ ಸುಖಿ ಇನ್ನೊಬ್ಬನಿರಲಿಲ್ಲ.

ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಒಂದು ಮದುವೆ ಹಂಗಾಮಿನ ಆರಂಭದಲ್ಲೇ ಆ ಫೋನು ಮೆರವಣಿಗೆಯ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಅಪ್ಪಚ್ಚಿಯಾಯಿತು. ನಾನು ಹೇಗೋ ಉಳಿದೆ. ದುರುಗಪ್ಪ ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಇಡೀ ಬ್ಯಾಂಡನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಸ್ಮಾರ್ಟ್‌ಫೋನ್ ಕೊಳ್ಳಲು ಹೊರಟರು.

ವಾದ್ಯದವರು ವಾದ್ಯ ಕೊಳ್ಳುವ ಪದ್ಧತಿ ಒಂದೇ: ಮೊದಲು ನಾದ ಕೇಳುವುದು. ಫೋನನ್ನೂ ಹಾಗೆಯೇ ನೋಡಿದರು. ಅಂಗಡಿಯಲ್ಲಿದ್ದ ಫೋನುಗಳಲ್ಲೆಲ್ಲ ಶಹನಾಯಿಯ ರಿಂಗ್‌ಟೋನ್ ಹಚ್ಚಿಸಿ, ಕಣ್ಣು ಮುಚ್ಚಿ ಆಲಿಸಿದರು.

"ಇದರ ಧ್ವನಿ ಒಡಕ ಐತಿ," ಎಂದು ಹುಲಿಗೆಪ್ಪ ಒಂದನ್ನು ತಳ್ಳಿದ.

"ಇದು ಸುರಾಗ ಐತಿ ನೋಡ್ರಿ. ಇದನ್ನ ಕೊಡ್ರಿ," ಎಂದರು ದುರುಗಪ್ಪ.

ಎಲ್ಲರೂ ತಲೆದೂಗಿದರು. ನನ್ನನ್ನು ಅದರೊಳಗೆ ಹಾಕಿ ಒಂದು ಕರೆ ಮಾಡಿ ನೋಡೋಣವೆಂದು ಒಬ್ಬರಿಗಾದರೂ ಹೊಳೆಯಬೇಕಲ್ಲ! ನಾನು ಜೇಬಿನೊಳಗೇ ಉಳಿದೆ.

ಮನೆಗೆ ಬಂದು ನೋಡಿದರೆ ಹೊಸ ಫೋನಿನಲ್ಲಿ ಸಿಮ್ ಕೂರಿಸುವ ಬಾಯಿ ಚಿಕ್ಕದು, ನನ್ನ ಮೈ ದೊಡ್ಡದು. ದುರುಗಪ್ಪ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಪೀಪಿಯನ್ನು ಕೆತ್ತುವ ಬ್ಲೇಡು ತಂದರು. ಪೀಪಿಯನ್ನು ಕೆತ್ತುವಷ್ಟೇ ಮುತುವರ್ಜಿಯಿಂದ ನನ್ನ ಅಂಚನ್ನು ಕೆತ್ತಿ, ಊದಿ, ಒಳಗಿಟ್ಟರು. ಕೂತೆ. ಆದರೆ ಒಂದು ಕರೆಯೂ ಹೋಗಲಿಲ್ಲ, ಬರಲಿಲ್ಲ. ಮಾಳಿಗೆ ಹತ್ತಿದರು, ಫೋನನ್ನು ಎತ್ತಿ ಹಿಡಿದರು. ಊಹೂಂ.

"ಬ್ಯಾರೆ ನಂಬರ ತಗೊಂಡ್ರಾತು ಬಿಡ್ರಿ," ಎಂದಳು ಹೆಂಡತಿ ಗಾಳೆವ್ವ.

"ಡ್ರಮ್ಮಿನ ಮ್ಯಾಲಿಂದು ಅಳಿಸಬಹುದು, ಗಾಳೆವ್ವಾ. ಸುತ್ತಲ ಊರಾಗಿನ ಮಂದಿ ಬರಕೊಂಡಿದ್ದನ್ನ ಹ್ಯಾಂಗ ಅಳಸ್ಲಿ? ಅವರು ಫೋನ್ ಹಚ್ಚೋದು ಇದಕ್ಕ. ಹತ್ತಲಿಲ್ಲಂದ್ರ ಬ್ಯಾರೆ ಬ್ಯಾಂಡ ಕರೀತಾರ. ನನ್ನ ಕೈಯಾರೆ ಕೆತ್ತಿ ಹಾಳ ಮಾಡಿದ್ನೇನೋ!" ದುರುಗಪ್ಪ ಫೋನನ್ನು ಕೆಳಗಿಟ್ಟರು. ಆ ರಾತ್ರಿ ಅವರು ಊಟಕ್ಕೆ ಕೂರಲಿಲ್ಲ. ನನಗೂ ಜೀವ ಬಾಯಿಗೆ ಬಂದಿತ್ತು.

ಮರುದಿನ ಸಿಮ್ ಕಂಪನಿಯ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗಿ ನನ್ನನ್ನು ಹೊರತೆಗೆದು ನೋಡಿ ನಕ್ಕಳು.

"ಯಾರ್ರೀ ಇಷ್ಟು ಚಂದ ಕಟ್ ಮಾಡಿದ್ದು? ಇದರಾಗ ನಿಮ್ಮ ತಪ್ಪೇನೂ ಇಲ್ರಿ, ಕಾಕಾ. ಇದು ಟೂಜಿ ಕಾಲದ ಸಿಮ್ಮು. ನಿಮ್ಮ ಫೋನು ಫೋರ್‌ಜಿ ಬಿಟ್ರ ಬ್ಯಾರೆ ಏನೂ ಹಿಡಿಯಂಗಿಲ್ಲ. ಫೋನ್ ತಗೊಳ್ಳೂಕಿಂತ ಮದಲ ಕೇಳಬೇಕಿತ್ತು."

"ಹಂಗಾದ್ರ ನಂಬರ ಹೋತೇನವ್ವಾ?"

"ಎಲ್ಲಿ ಹೋಗ್ತದ್ರಿ? ಇಲ್ಲೆ ಬೆರಳ ಒತ್ರಿ. ಹೊಸ ಸಿಮ್ಮಿಗೆ ಅದ ನಂಬರ ಬರ್ತದ."

ದುರುಗಪ್ಪ ಅಷ್ಟಗಲ ನಕ್ಕರು. ನಾನು ಮಾತ್ರ ತಣ್ಣಗಾದೆ. ನಂಬರೆಂದರೆ ನಾನಲ್ಲವೇ? ಅದು ಎದ್ದು ಇನ್ನೊಬ್ಬನ ಮನೆಗೆ ಹೋಗುವುದೆಂದರೇನು? ಆದರೆ ಸಂಜೆಯ ಹೊತ್ತಿಗೆ ಅದು ಹೋಗಿಯೇಬಿಟ್ಟಿತು, ಒಂದು ಮಾತೂ ಹೇಳದೆ.

ದುರುಗಪ್ಪ ನನ್ನನ್ನು ಎಸೆಯಲಿಲ್ಲ. ಊರಿಗೆ ಬಂದು ಕ್ಲಾರಿನೆಟ್ಟಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ, ಹಳೆಯ ಪೀಪಿಗಳ ಮಗ್ಗುಲಿಗೆ ಇಟ್ಟರು. ಅಷ್ಟರಲ್ಲಿ ಫೋನಿನಲ್ಲಿ ಶಹನಾಯಿ ಮೊಳಗಿತು. ಹುಲಿಗೆಪ್ಪ ಪರೀಕ್ಷೆಗೆ ಹಚ್ಚಿದನೆಂದುಕೊಂಡರು. ಅಲ್ಲ, ಕುಷ್ಟಗಿಯಿಂದ ಒಬ್ಬ ಅಜ್ಜ.

"ಭಜಂತ್ರಿಯವರೇನ್ರಿ? ನಿನ್ನಿಂದ ಫೋನ್ ಹಚ್ಚಾಕತ್ತೀನಿ, ಹತ್ತವಲ್ದು. ಬ್ಯಾರೆ ಬ್ಯಾಂಡ ತರೂಣ ಅಂದ್ರ ಮೊಮ್ಮಗಳು ಒಲ್ಲೆ ಅಂತಾಳ. ಅಕಿ ಅವ್ವನ ಮದಿವ್ಯಾಗ ಊದಿದವರ ಬರಬೇಕಂತ."

ದುರುಗಪ್ಪ ಕಣ್ಣೊರೆಸಿಕೊಂಡು, "ಬರ್ತೀವ್ರಿ ಯಪ್ಪಾ, ಬರ್ತೀವಿ," ಎಂದರು.

ಆ ಮೊಮ್ಮಗಳ ತಾಯಿಯ ಮದುವೆಯ ಕರೆ ಬಂದಿದ್ದು ನನ್ನ ಮೂಲಕವೇ. ಹಾಗಾದರೆ ನಾನು ಕಾಯ್ದದ್ದು ನಂಬರನ್ನಲ್ಲ, ಇಂಥ ಜನ ದಾರಿ ತಪ್ಪದಂತೆ ಈ ಮನೆಯ ಬಾಗಿಲನ್ನು. ಅದನ್ನು ಈಗ ಇನ್ನೊಬ್ಬ ಕಾಯುತ್ತಾನೆ. ಕಾಯಲಿ. ಆದರೂ ಶಹನಾಯಿ ಮೊಳಗಿದಾಗಲೆಲ್ಲ ನನಗೆ ಥಟ್ಟನೆ ಎಚ್ಚರವಾಗುತ್ತದೆ. ಕರೆ ನನಗಲ್ಲವೆಂದು ಗೊತ್ತಿದ್ದೂ, ಪೆಟ್ಟಿಗೆಯೊಳಗಿಂದಲೇ ಖುಷಿಯಾಗಿ ಅನ್ನುತ್ತೇನೆ: ಬನ್ರಿ, ಒಳಗ ಬನ್ರಿ.